ಕಾಪುವಿಗಾ, ಕಾರವಾರಕ್ಕಾ? ಮಂಗಳೂರಿನಿಂದ ಗೋವಾವರೆಗಿನ ಹಳೇ ಲೈಟ್‌ಹೌಸ್‌ಗಳಲ್ಲಿ ನಿಮಗೆ ಯಾವುದು ಸರಿ

ಡಿಸೆಂಬರ್ ಬಂತೆಂದರೆ ಸಾಕು, ಬೆಂಗಳೂರಿನ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ. "ಶನಿವಾರ ನಿಮ್ಮ ಕಡೆ ಬರ್ತಾ ಇದ್ದೀವಿ ಮಾರಾಯ, ಯಾವ ಲೈಟ್‌ಹೌಸ್ ನೋಡೋದು?" ಒಂದೇ ಮಾತಲ್ಲಿ ಉತ್ತರ ಹೇಳು ಅಂದರೆ ಕಾಪು ಅಂತ ಹೇಳಿ ಫೋನ್ ಇಡಬಹುದು. ಆದರೆ ಹಾಗೆ ಹೇಳಿ ಎರಡು ಸಲ ಬೈಸಿಕೊಂಡಿದ್ದೇನೆ. ಒಬ್ಬರಿಗೆ ಮೊಣಕಾಲು ನೋವು, ಮೆಟ್ಟಿಲ ಬುಡದಲ್ಲೇ ಕೂತರು. ಇನ್ನೊಬ್ಬರು ಇತಿಹಾಸದ ಹುಚ್ಚಿನವರು. ಅವರಿಗೆ ಅಲ್ಲಿನ ಐಸ್‌ಕ್ರೀಮ್ ಗಾಡಿಗಳ ಗದ್ದಲವೇ ಬೇಡವಾಗಿತ್ತು.

ಹಾಗಾಗಿ ಈಗ ಮೂರು ಪ್ರಶ್ನೆ ತಿರುಗಿಸಿ ಕೇಳುತ್ತೇನೆ. ಜೊತೆಗೆ ಯಾರಿದ್ದಾರೆ? ಅಲ್ಲಿಗೆ ಎಷ್ಟು ಗಂಟೆಗೆ ಮುಟ್ಟುತ್ತೀರಿ? ದೋಣಿ ಹತ್ತಲು ತಯಾರಿದ್ದೀರಾ? ಇವಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಯಾವುದು ಎಷ್ಟು ಎತ್ತರ, ಯಾವುದರ ಫೋಟೋ ಚೆನ್ನಾಗಿ ಬರುತ್ತದೆ ಅನ್ನೋದೆಲ್ಲ ಆಮೇಲೆ.

ಇನ್ನೊಂದು ಸಣ್ಣ ವಿಷಯ. ಪತ್ರಿಕೆಗಳಲ್ಲಿ ದೀಪಸ್ತಂಭ ಎಂದು ಬರೆಯುತ್ತಾರೆ, ಸರಕಾರಿ ಕಾಗದದಲ್ಲೂ ಹಾಗೇ. ರಿಕ್ಷಾದವರ ಹತ್ತಿರ ಮಾತ್ರ ಹಾಗೆ ಹೇಳಬೇಡಿ, ಯಾವುದಾದರೂ ದೇವಸ್ಥಾನದ ಮುಂದೆ ಇಳಿಸಿಯಾರು. ಲೈಟ್‌ಹೌಸ್ ಅಂದರೆ ಎಲ್ಲರಿಗೂ ಗೊತ್ತು.

ಹೋಗುವ ಮೊದಲು: ಅಲ್ಲಿ ನೋಡುವುದು ಏನನ್ನು?

ಹೆಚ್ಚಿನವರು ಮೇಲೆ ಹತ್ತಿ, ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದು ಇಳಿಯುತ್ತಾರೆ. ಮೇಲಿನ ಗಾಜಿನ ಕೋಣೆಯ ಒಳಗೆ ಏನಿದೆ ಎಂದು ನೋಡುವವರು ಕಡಿಮೆ. ನನಗೆ ಕೇಳಿದರೆ ನೋಡಬೇಕಾದದ್ದು ಅದನ್ನೇ.

1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬಾತ ಒಂದು ಉಪಾಯ ಮಾಡಿದ. ದಪ್ಪ ಗಾಜಿನ ದೊಡ್ಡ ಮಸೂರದ ಬದಲು, ಗಾಜಿನ ಬಳೆಗಳನ್ನು ಒಂದರ ಸುತ್ತ ಒಂದು ಜೋಡಿಸಿದ. ನಾಲ್ಕು ದಿಕ್ಕಿಗೆ ಚೆಲ್ಲಿ ಹೋಗುವ ಬೆಳಕು ಒಂದೇ ಕೋಲಾಗಿ ಕಡಲಿನ ಕಡೆ ಹೋಗುವಂತಾಯಿತು. ಎಣ್ಣೆ ದೀಪದ ಕಾಲದಲ್ಲೂ ಮೈಲುಗಟ್ಟಲೆ ದೂರದ ಹಡಗಿಗೆ ಬೆಳಕು ಕಂಡದ್ದು ಇದರಿಂದಲೇ. ಟನ್‌ಗಟ್ಟಲೆ ತೂಗುವ ಈ ಗಾಜಿನ ಗೂಡನ್ನು ಎಷ್ಟೋ ಕಡೆ ಪಾದರಸದ ತೊಟ್ಟಿಯ ಮೇಲೆ ತೇಲಿಸುತ್ತಿದ್ದರು, ಬೆರಳಲ್ಲಿ ತಳ್ಳಿದರೂ ತಿರುಗುವಷ್ಟು ಹಗುರವಾಗಲಿ ಎಂದು. ತಿರುಗಿಸಲು ಗಡಿಯಾರದಂಥ ಯಂತ್ರ. ಅದಕ್ಕೆ ಕಟ್ಟಿದ ತೂಕದ ಗುಂಡು ಗೋಪುರದ ನಡುವಿನ ಟೊಳ್ಳಿನಲ್ಲಿ ನಿಧಾನ ಇಳಿಯುತ್ತಿತ್ತು. ಕಾವಲಿನವರು ರಾತ್ರಿಯಿಡೀ ಎದ್ದೆದ್ದು ಅದನ್ನು ಮೇಲೆ ಸುತ್ತಬೇಕಿತ್ತು. ಮೆಟ್ಟಿಲುಗಳು ಗೋಡೆಗೆ ಅಂಟಿಕೊಂಡು ಸುತ್ತುವುದು, ನಡುವೆ ಬಾವಿಯ ಹಾಗೆ ಖಾಲಿ ಬಿಟ್ಟಿರುವುದು ಸುಮ್ನೆ ಅಲ್ಲ.

ಹಗಲು ಹೋದರೆ ಕೆಲವೆಡೆ ಗಾಜಿಗೆ ಪರದೆ ಎಳೆದಿರುತ್ತಾರೆ. "ನೋಡೋಕೆ ಬಿಡಲ್ಲ" ಎಂದು ಬೇಜಾರು ಮಾಡಿಕೊಳ್ಳಬೇಡಿ. ಬೆಳಕನ್ನು ಹೊರಗೆ ಕಳಿಸುವ ಮಸೂರ ಬಿಸಿಲನ್ನು ಒಳಗೂ ಒಟ್ಟುಗೂಡಿಸುತ್ತದೆ. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಕಾಗದ ಸುಟ್ಟಿದ್ದೇವಲ್ಲ, ಅದೇ ಲೆಕ್ಕ. ಪರದೆ ಇಲ್ಲದಿದ್ದರೆ ದೀಪವೇ ಸುಟ್ಟೀತು.

ಪ್ರತಿ ಲೈಟ್‌ಹೌಸಿಗೂ ತನ್ನದೇ ಮಿನುಗಿನ ಲೆಕ್ಕ ಇರುತ್ತದೆ. ಇಷ್ಟು ಸೆಕೆಂಡಿಗೆ ಇಷ್ಟು ಸಲ ಎಂದು. ಹಡಗಿನವರು ಅದನ್ನು ಎಣಿಸಿ, ಪಟ್ಟಿ ನೋಡಿ, ಇದು ಇಂಥ ಊರು ಎಂದು ತಿಳಿಯುತ್ತಾರೆ. ಹಗಲಲ್ಲಿ ಗುರುತಿಗೆ ಗೋಪುರದ ಬಣ್ಣ ಮತ್ತು ಪಟ್ಟೆ. ಹಾಗಾಗಿ ಸಂಜೆ ಬೆಳಕಿರುವಾಗ ಮುಟ್ಟಿ, ದೀಪ ಹೊತ್ತುವವರೆಗೆ ಕಾಯಲು ಆಗುವ ಜಾಗವೇ ನನ್ನ ಲೆಕ್ಕದಲ್ಲಿ ಒಳ್ಳೆಯ ಜಾಗ. ಕೆಳಗೆ ಹೇಳುವುದನ್ನೆಲ್ಲ ಈ ಪಕ್ಷಪಾತ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಕಾಪು: ಹತ್ತಲೇಬೇಕು ಅನ್ನುವವರಿಗೆ

1901ರಲ್ಲಿ ಕಟ್ಟಿದ್ದು. ಎತ್ತರ ಸುಮಾರು 27 ಮೀಟರ್. ಮರಳಿನ ದಂಡೆ ಮುಗಿಯುವ ಕಡೆ ದೊಡ್ಡ ಕರಿಬಂಡೆ, ಆ ಬಂಡೆಯ ನೆತ್ತಿಯ ಮೇಲೆ ಗೋಪುರ. ಉಡುಪಿಯಿಂದ ದಕ್ಷಿಣಕ್ಕೆ 13 ಕಿಲೋಮೀಟರ್ ಇರಬಹುದು. ಹೆದ್ದಾರಿ 66ರಲ್ಲಿ ಕಾಪು ಪೇಟೆಗೆ ಬಂದು ಪಡುವಣಕ್ಕೆ ತಿರುಗಿದರೆ ಐದೇ ನಿಮಿಷ. ಮಂಗಳೂರಿನಿಂದ ಬರುವವರಿಗೆ ಒಂದು ಗಂಟೆ ದಾರಿ. ಬಸ್ಸಿಗಂತೂ ಬರವೇ ಇಲ್ಲ.

ಇಲ್ಲಿ ಒಂದು ತಪ್ಪನ್ನು ನಾನೇ ಮಾಡಿದ್ದೇನೆ. ಊರಿಗೆ ಬಂದ ನೆಂಟರ ಹಿಂಡನ್ನು ಕಟ್ಟಿಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಗೇಟಿಗೆ ಬೀಗ. ಕಾಲಡಿಯ ಬಂಡೆ ದೋಸೆ ಕಾವಲಿಯ ಹಾಗೆ ಕಾದಿತ್ತು. "ಇದೇ ಊರಲ್ಲಿ ಹುಟ್ಟಿ ಬೆಳೆದವ ನೀನು, ಇಷ್ಟು ಗೊತ್ತಿಲ್ವಾ?" ಎಂದು ಚಿಕ್ಕಮ್ಮ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಊರಿನವರು ಊರಿನದ್ದನ್ನು ನೋಡುವುದೇ ಇಲ್ಲ, ಅಲ್ವಾ? ಮೇಲೆ ಬಿಡುವುದು ಸಂಜೆ ಮಾತ್ರ, ಒಂದೆರಡು ಗಂಟೆ. ಹಾಗಾಗಿ ನಾಲ್ಕು ಗಂಟೆಗೆ ಅಲ್ಲಿರುವ ಹಾಗೆ ಹೊರಡಿ. ಭಾನುವಾರ ಐದರ ಮೇಲೆ ಹೋದರೆ ಸಾಲಿನಲ್ಲೇ ಹೊತ್ತು ಮುಳುಗುತ್ತದೆ.

ಒಳಗೆ ಸುತ್ತು ಮೆಟ್ಟಿಲು. ಅಗಲ ಕಡಿಮೆ. ಇಳಿಯುವವರಿಗೆ ದಾರಿ ಬಿಡಲು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಕೊನೆಯಲ್ಲಿ ಕಡಿದಾದ ಏಣಿ, ತಲೆ ಬಗ್ಗಿಸಿ ನುಸುಳುವ ಸಣ್ಣ ಬಾಗಿಲು. ಸೀರೆ ಉಟ್ಟವರಿಗೂ ಲುಂಗಿ ಉಟ್ಟವರಿಗೂ ಈ ಏಣಿ ಸ್ವಲ್ಪ ಪರೀಕ್ಷೆಯೇ. ಹೊರಗೆ ಕಾಲಿಟ್ಟ ಕೂಡಲೇ ಗಾಳಿ ಬಡಿಯುತ್ತದೆ, ಟೋಪಿ ಇದ್ದರೆ ಕೆಳಗೇ ಬಿಟ್ಟು ಬನ್ನಿ.

ಆದರೆ ಮೇಲಿನ ನೋಟಕ್ಕೆ ಸಾಟಿಯಿಲ್ಲ. ಮರಳಿನ ಮೇಲೆ ನಿಂತ ಆಳಿಗೆ ಕಡಲು ಬಾನು ಕೂಡುವ ಗೆರೆ ಐದು ಕಿಲೋಮೀಟರ್ ದೂರವೂ ಇರುವುದಿಲ್ಲ. ನೀರಿನಿಂದ 30 ಮೀಟರ್ ಮೇಲೆ ನಿಂತರೆ ಅದೇ ಗೆರೆ ಸುಮಾರು 20 ಕಿಲೋಮೀಟರಿಗೆ ಹೋಗುತ್ತದೆ. ಮಲ್ಪೆ ಕಡೆಗೆ ಮರಳುವ ಬೋಟುಗಳು ಸಾಲಾಗಿ ಕಾಣುತ್ತವೆ. ಹಿಂದೆ ತಿರುಗಿದರೆ ತೆಂಗಿನ ತೋಟಗಳ ಹಸಿರು, ಆಚೆ ಯಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ. ಚಿಮಣಿ ಫೋಟೋದಲ್ಲಿ ಬಾರದ ಹಾಗೆ ಎಲ್ಲರೂ ಕಷ್ಟಪಟ್ಟು ಕೋನ ಹುಡುಕುತ್ತಾರೆ. ನನಗೇನೋ ಅದೂ ಇರಲಿ ಅನ್ನಿಸುತ್ತದೆ, ನಮ್ಮ ಕರಾವಳಿ ಈಗ ಇರುವುದೇ ಹಾಗೆ.

ಒಂದು ತಾಪತ್ರಯ ಇದೆ. ಸೂರ್ಯಾಸ್ತವನ್ನು ಮೇಲಿಂದ ನೋಡುತ್ತೇನೆ ಎಂದು ಬರುತ್ತಾರೆ. ಉಡುಪಿ ಕಡೆ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದೇ ಆರು ಗಂಟೆ ಹತ್ತು ನಿಮಿಷದ ಹೊತ್ತಿಗೆ, ಮೇ ಕೊನೆಗೆ ಹೆಚ್ಚುಕಡಿಮೆ ಏಳಕ್ಕೆ. ಅಷ್ಟರಲ್ಲಿ ಸಿಬ್ಬಂದಿ ಎಲ್ಲರನ್ನೂ ಕೆಳಗೆ ಕಳಿಸಿರುತ್ತಾರೆ. ಅದರಿಂದ ನಷ್ಟವೇನೂ ಇಲ್ಲ. ಇಳಿದು ಬಂದು ದಕ್ಷಿಣದ ದಂಡೆಯಲ್ಲಿ ಕೂತರೆ, ಬಂಡೆ, ಗೋಪುರ, ಕೆಂಪು ಬಾನು ಮೂರೂ ಒಟ್ಟಿಗೆ ಸಿಗುತ್ತವೆ. ಮೇಲೆ ನಿಂತವರಿಗೆ ಗೋಪುರವೇ ಕಾಣುವುದಿಲ್ಲ ನೋಡಿ!

ನೀರಿಗೆ ಮಾತ್ರ ಇಳಿಯಬೇಡಿ. ಬಂಡೆಗಳ ನಡುವೆ ಸೆಳೆತ ಜಾಸ್ತಿ, ಪಾಚಿಯಲ್ಲಿ ಕಾಲು ಜಾರುತ್ತದೆ. ಮಕ್ಕಳು ನೀರಾಟಕ್ಕೆ ಹಟ ಹಿಡಿದರೆ ದಕ್ಷಿಣಕ್ಕಿರುವ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿಗೆ ಕರೆದೊಯ್ಯಿರಿ, ಅಲ್ಲಿ ಕಾವಲಿನವರು ಇರುತ್ತಾರೆ. ಹೊತ್ತು ಉಳಿದರೆ ಪೇಟೆಯ ಮಾರಿಗುಡಿಗೆ ಹೋಗಿ ಬನ್ನಿ.

ಸುರತ್ಕಲ್: ಗದ್ದಲ ಬೇಡ ಅನ್ನುವವರಿಗೆ

ಇದು ಹಳೆಯದಲ್ಲ, 1972ರದ್ದು. ಐತಿಹಾಸಿಕ ಎಂದು ಕರೆಯಲು ನನಗೂ ನಾಲಿಗೆ ಹೊರಳುವುದಿಲ್ಲ. ಆದರೂ ಪಟ್ಟಿಯಲ್ಲಿ ಇಟ್ಟಿದ್ದೇನೆ, ಯಾಕೆಂದರೆ ಇದನ್ನು ಬಿಟ್ಟರೆ ಮಂಗಳೂರಿನ ಕಥೆ ಅರ್ಧ. ಹಳೇ ಬಂದರು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆಯಲ್ಲಿತ್ತು. ಅಲ್ಲಿ ಹೂಳು, ನೀರು ಆಳವಿಲ್ಲ, ದೊಡ್ಡ ಹಡಗು ದೂರವೇ ಲಂಗರು ಹಾಕಬೇಕಿತ್ತು. ಆಮೇಲೆ ಬಂದರೇ ಉತ್ತರಕ್ಕೆ, ಪಣಂಬೂರಿಗೆ ಹೋಯಿತು. 1974ರಲ್ಲಿ ನವಮಂಗಳೂರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಬಂದರು ಸರಿದ ಕಡೆಗೆ ದೀಪವೂ ಸರಿಯಿತು.

ಎನ್‌ಐಟಿಕೆ ಹತ್ತಿರದ ಬೀಚಿನ ಪಕ್ಕದಲ್ಲೇ ಇದೆ. ಊರಿನ ಹಿರಿಯರು ಆ ಕಾಲೇಜನ್ನು ಇನ್ನೂ ಕೆಆರ್‌ಇಸಿ ಅಂತಲೇ ಕರೆಯುತ್ತಾರೆ, ದಾರಿ ಕೇಳುವಾಗ ಗೊತ್ತಿದ್ದರೆ ಒಳ್ಳೆಯದು. ಕಡಲ ದಂಡೆಯಲ್ಲೇ ಸದಾಶಿವ ದೇವಸ್ಥಾನವೂ ಇದೆ. ಕಾಪುವಿನಲ್ಲಿ ಮೀನಿನ ಬೋಟು ನೋಡಿದರೆ, ಇಲ್ಲಿ ನೋಡುವುದು ದೊಡ್ಡ ಹಡಗು. ಬಂದರಿನೊಳಗೆ ಜಾಗ ಸಿಗುವವರೆಗೆ ಹೊರಗೆ ಲಂಗರು ಹಾಕಿ ಕಾಯುತ್ತಾ ನಿಂತಿರುತ್ತವೆ. ಕತ್ತಲಾದ ಮೇಲೆ ಅವುಗಳ ದೀಪಗಳು ಒಂದು ಸಣ್ಣ ಊರಿನ ಹಾಗೆ ಕಾಣುತ್ತವೆ. ಹಡಗು ಇಲ್ಲಿ, ಅದಕ್ಕೆ ದಾರಿ ತೋರಿಸುವ ದೀಪ ಇಲ್ಲಿ. ಲೈಟ್‌ಹೌಸ್ ಏನು ಕೆಲಸ ಮಾಡುತ್ತದೆ ಎಂದು ಮಗುವಿಗೆ ತೋರಿಸಲು ಇದಕ್ಕಿಂತ ಸುಲಭದ ಜಾಗ ಗೊತ್ತಿಲ್ಲ.

ಬಾವುಟಗುಡ್ಡೆ: ದೀಪವೇ ಇಲ್ಲದ ಲೈಟ್‌ಹೌಸ್ ಹಿಲ್

ಮಂಗಳೂರು ನಗರದ ನಡುವೆ ಹಂಪನಕಟ್ಟೆಯಿಂದ ಏರು ಹತ್ತಿದರೆ ಲೈಟ್‌ಹೌಸ್ ಹಿಲ್. ಹೆಸರು ನೋಡಿ ಕಡಲ ತಡಿಯಲ್ಲಿ ಇರಬೇಕು ಅಂದುಕೊಂಡು ಬಂದವರು ಸುತ್ತ ಕಾಲೇಜು, ಆಸ್ಪತ್ರೆ, ಅಪಾರ್ಟ್‌ಮೆಂಟ್ ನೋಡಿ ಕಕ್ಕಾಬಿಕ್ಕಿ. ಗುಡ್ಡದ ಮೇಲಿನ ಹಳೇ ಗೋಪುರ ಕುಳ್ಳ. ಆದರೆ ಎತ್ತರ ಕೊಡಲು ಗುಡ್ಡವೇ ಇರುವಾಗ ಗೋಪುರ ಉದ್ದ ಬೆಳೆಯಬೇಕಾಗಿಲ್ಲವಲ್ಲ. ಈಗ ಅಲ್ಲಿ ದೀಪ ಉರಿಯುವುದಿಲ್ಲ. ಹತ್ತಬೇಕು ಎಂದು ಹೋಗಲೇಬೇಡಿ.

ಹಾಗಾದರೆ ಯಾಕೆ ಹೋಗಬೇಕು? ಗುಡ್ಡದ ಹೆಸರಿಗಾಗಿ. ನಾವು ಇದನ್ನು ಬಾವುಟಗುಡ್ಡೆ ಅನ್ನುತ್ತೇವೆ. 1837ರ ಏಪ್ರಿಲ್‌ನಲ್ಲಿ ಸುಳ್ಯ ಕಡೆಯಿಂದ ಬಂದ ರೈತರ ದಂಡು ಕಂಪನಿ ಸರಕಾರದ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಇಲ್ಲಿ. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆ ಬಂಡಾಯದ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಇಲ್ಲೇ ನಿಲ್ಲಿಸಿದರು. ದೂರದಿಂದ ಎಲ್ಲರಿಗೂ ಕಾಣುವ ಜಾಗ ಬೇಕು ಅನ್ನುವುದು ಬಾವುಟ ಹಾರಿಸುವವರಿಗೂ ಒಂದೇ, ದೀಪ ಹಚ್ಚುವವರಿಗೂ ಒಂದೇ.

ಗೋಪುರದ ಪಕ್ಕದಲ್ಲಿ ಟಾಗೋರ್ ಪಾರ್ಕ್. ಮಧ್ಯಾಹ್ನದ ಸೆಕೆಯಲ್ಲಿ ಮರದಡಿ ಕೂರಲು ಒಳ್ಳೆಯದು. ಅದೇ ಗುಡ್ಡದಲ್ಲಿ ಸೇಂಟ್ ಅಲೋಶಿಯಸ್ ಚಾಪೆಲ್ ಇದೆ. ಒಳಗೆ ಗೋಡೆ, ಮಾಡು ಎಲ್ಲ ಇಟಲಿಯ ಜೆಸ್ವಿಟ್ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳು. ನಿಜ ಹೇಳಬೇಕೆಂದರೆ ಗೋಪುರಕ್ಕೆ ಹತ್ತು ನಿಮಿಷ ಸಾಕು, ಚಾಪೆಲ್‌ಗೆ ಒಂದು ಗಂಟೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ, ರೈಲಿಗೆ ಎರಡು ಗಂಟೆ ಬಾಕಿ ಇರುವವರಿಗೆ, ಮಳೆಗಾಲದಲ್ಲಿ ಬಂದು ಸಿಕ್ಕಿಕೊಂಡವರಿಗೆ ಇದೇ ಸರಿ.

ಕುಂದಾಪುರದ ಕೋಡಿಯಲ್ಲೂ ಒಂದಿದೆ, ಭಟ್ಕಳದ ಬಂದರಿನ ಹತ್ತಿರವೂ ಒಂದಿದೆ. ಇವಕ್ಕಾಗಿಯೇ ಬೆಂಗಳೂರಿನಿಂದ ಹೊರಡಬೇಡಿ. ಕೊಲ್ಲೂರಿಗೋ ಮುರುಡೇಶ್ವರಕ್ಕೋ ಹೋಗುವ ದಾರಿಯಲ್ಲಿ ಒಂದು ಗಂಟೆ ಇದ್ದರೆ ತಿರುಗಿ ನೋಡಿ. ಎರಡರಲ್ಲಿ ನನ್ನ ಮತ ಕೋಡಿಗೆ. ಐದು ಹೊಳೆಗಳು ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಬೀಳುವುದು ಅಲ್ಲಿಂದ ಹತ್ತಿರ, ಜನವೂ ಕಡಿಮೆ.

ಕಾರವಾರದ ದೇವಗಡ: ನಿಜವಾಗಿ ಹಳೆಯದು ಬೇಕು ಅನ್ನುವವರಿಗೆ

ಈಗ ನನ್ನ ಇಷ್ಟದ್ದಕ್ಕೆ ಬರೋಣ. ಕಾರವಾರದ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಗುಡ್ಡದಂಥ ದ್ವೀಪಗಳು ಕಾಣುತ್ತವೆ. ಅವುಗಳಲ್ಲಿ ಒಂದರ ನೆತ್ತಿಯ ಮೇಲೆ ಬಿಳಿ ಚುಕ್ಕೆ. ಅದು ದೇವಗಡ. ಇಂಗ್ಲಿಷರ ನಕ್ಷೆಗಳಲ್ಲಿ ಆಯ್‌ಸ್ಟರ್ ರಾಕ್ಸ್. ದೀಪ ಹೊತ್ತಿದ್ದು 1864ರಲ್ಲಿ.

ಆ ವರ್ಷವೇ ಯಾಕೆ? ಕಾರಣ ಕಡಲಲ್ಲಿಲ್ಲ, ಧಾರವಾಡದ ಹೊಲದಲ್ಲಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಎಲ್ಲರ ಕಣ್ಣು ನಮ್ಮ ಹತ್ತಿಯ ಮೇಲೆ ಬಿತ್ತು. ಅದುವರೆಗೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು. ಬೆಳೆದದ್ದು ಧಾರವಾಡದಲ್ಲಾದರೂ ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ! ಆದರೆ ಕುಮಟಾದಲ್ಲಿ ದೊಡ್ಡ ಹಡಗಿಗೆ ಆಸರೆ ಇಲ್ಲ. ಕಾರವಾರದ ಕೊಲ್ಲಿಯಲ್ಲಿ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿಯ ಲೆಕ್ಕ. ಕಾರವಾರ ಜಿಲ್ಲಾ ಕೇಂದ್ರವಾಯಿತು. ಎರಡು ವರ್ಷಕ್ಕೆ ದ್ವೀಪದ ಮೇಲೆ ದೀಪ ಬಂತು. ಮುಂದೆ ರೈಲುಗಳು ಬೇರೆ ಕಡೆ ಹೋದವು, ಹತ್ತಿಯೂ ಅವುಗಳ ಹಿಂದೆ ಹೋಯಿತು. ಕಾರವಾರ ಎರಡನೇ ಮುಂಬಯಿ ಆಗಲಿಲ್ಲ. ದೀಪ ಮಾತ್ರ ಉಳಿಯಿತು.

1880ರ ದಶಕದ ಶುರುವಿನಲ್ಲಿ ಹರೆಯದ ರವೀಂದ್ರನಾಥ ಟಾಗೋರರು ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಈಗ ಬೀಚಿಗೆ ಅವರದ್ದೇ ಹೆಸರು. ಆಗ ಈ ದೀಪಕ್ಕೆ ಇಪ್ಪತ್ತರ ಆಸುಪಾಸು ವಯಸ್ಸು. ಹೆಚ್ಚುಕಡಿಮೆ ಅವರದ್ದೇ ಪ್ರಾಯ.

ಆದರೆ ಹೋಗುವುದು ಕಾಪುವಿನಷ್ಟು ಸುಲಭ ಇಲ್ಲ. ದೋಣಿ ಬೇಕು. ಕಡಲು ಒಪ್ಪಬೇಕು. ಈ ಕಡಲಲ್ಲಿ ನೌಕಾಪಡೆಯ ನೆಲೆ ಇದೆ. ಹತ್ತಿರದ ಅಂಜುದೀವಿ ದ್ವೀಪಕ್ಕೆ ಹೋಗಲು ಬಿಡುವುದಿಲ್ಲ, ಬೇರೆ ಕಡೆಗೂ ಹೊರಡುವ ಮೊದಲು ಅನುಮತಿಯ ವಿಷಯ ಕೇಳಿಕೊಳ್ಳಲೇಬೇಕು. ನಾನು ಹೋದ ದಿನ ಹತ್ತಿರದವರೆಗೆ ಹೋದೆವು. ಅಲೆ ಸ್ವಲ್ಪ ಎದ್ದಿತ್ತು. ಬಂಡೆಗೆ ದೋಣಿ ತಾಗಿಸಲು ಆಗುವುದಿಲ್ಲ ಎಂದು ದೋಣಿಯವರು ಕೈಯಾಡಿಸಿಬಿಟ್ಟರು. ದುಡ್ಡು ಕೊಟ್ಟಿದ್ದೇವಲ್ಲ ಎಂದು ನಮ್ಮಲ್ಲೊಬ್ಬ ವಾದ ಶುರು ಮಾಡಿದ. "ದುಡ್ಡು ವಾಪಸ್ ಕೊಡ್ತೇನೆ ತಮ್ಮಾ, ಕಾಲು ಮುರಿದರೆ ಕೊಡ್ಲಿಕ್ಕಾಗೂದಿಲ್ಲ" ಎಂದರು. ಅಲ್ಲಿಗೆ ವಾದ ಮುಗಿಯಿತು. ದ್ವೀಪಕ್ಕೆ ಒಂದು ಸುತ್ತು ಹಾಕಿ ಬಂದೆವು.

ಹಾಗೆ ಸುತ್ತು ಹಾಕಿದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ. ಕೆಳಗೆ ಕಪ್ಪು ಬಂಡೆ, ನೊರೆ, ಮೇಲೆ ಕಾಡು, ಅದರ ಮೇಲೆ ಗೋಪುರ. ದೋಣಿಯಲ್ಲಿ ಕೂತು ತಲೆಯೆತ್ತಿ ನೋಡಿದಾಗ ಮಾತ್ರ ಈ ಕಟ್ಟಡ ಯಾರಿಗಾಗಿ ಇದೆ ಎನ್ನುವುದು ಮೈಗೆ ತಿಳಿಯುತ್ತದೆ. ನೆಲದ ಮೇಲಿನವರಿಗಾಗಿ ಕಟ್ಟಿದ್ದೇ ಅಲ್ಲವಲ್ಲ ಅದು.

ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಬೇಡಿ, ಜನ ಜಾಸ್ತಿ ತುಂಬಿದ್ದರೆ ಇಳಿದುಬಿಡಿ. 2019ರ ಜನವರಿಯಲ್ಲಿ ಪಕ್ಕದ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಇದೇ ಕಡಲಲ್ಲಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಜೂನ್ 1ರಿಂದ ಜುಲೈ ಕೊನೆಯವರೆಗೆ ಮೀನುಗಾರರ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ, ನಮ್ಮದೇನು ದೊಡ್ಡಸ್ತಿಕೆ. ದೋಣಿ ಸಿಗದ ದಿನ ಬೀಚಿನಲ್ಲೇ ಇರುವ ಯುದ್ಧನೌಕೆ ಮ್ಯೂಸಿಯಂ ನೋಡಿ, ಕತ್ತಲಾಗುವವರೆಗೆ ದಂಡೆಯಲ್ಲೇ ಕೂತಿರಿ. ದೇವಗಡದ ಮಿನುಗು ಅಲ್ಲಿಂದಲೇ ಕಾಣುತ್ತದೆ, ಪುಕ್ಕಟೆ.

ಗೋವಾದ ಅಗುವಾದ: ಅದೇ ವರ್ಷದ ಇನ್ನೊಂದು ದೀಪ

ಕಾರವಾರದವರೆಗೆ ಹೋದವರು ಗೋವಾ ಬಿಡುತ್ತಾರೆಯೇ? ಅಗುವಾದ ಕೋಟೆಯ ಹಳೇ ಲೈಟ್‌ಹೌಸ್ ಕೂಡ 1864ರದ್ದೇ. ನೂರು ಕಿಲೋಮೀಟರ್ ಅಂತರದಲ್ಲಿ, ಒಂದೇ ವರ್ಷ, ಒಂದು ಇಂಗ್ಲಿಷರದ್ದು, ಒಂದು ಪೋರ್ಚುಗೀಸರದ್ದು. ಕೋಟೆ ಇನ್ನೂ ಹಳೆಯದು, 1612ರದ್ದು. ಅಗುವಾದ ಎನ್ನುವ ಹೆಸರೇ ನೀರಿನಿಂದ ಬಂದದ್ದು. ದೂರದಿಂದ ಬಂದ ಹಡಗುಗಳು ಇಲ್ಲಿ ಸಿಹಿನೀರು ತುಂಬಿಸಿಕೊಳ್ಳುತ್ತಿದ್ದವು. ಕೋಟೆಯೊಳಗಿನ ಭಾರೀ ನೀರಿನ ತೊಟ್ಟಿ ಈಗಲೂ ಇದೆ.

ಗುಂಡಗೆ, ಗಿಡ್ಡಗೆ, ಗಟ್ಟಿಮುಟ್ಟಾಗಿ ಇದೆ ಹಳೇ ಗೋಪುರ. 1976ರಲ್ಲಿ ಅದರ ಕೆಲಸ ನಿಲ್ಲಿಸಿ ಹತ್ತಿರದಲ್ಲೇ ಹೊಸದನ್ನು ಕಟ್ಟಿದರು. ಒಂದೇ ಜಾಗದಲ್ಲಿ ಹಳತು, ಹೊಸತು ಎರಡನ್ನೂ ನೋಡಿ ಹೋಲಿಸಬಹುದು. ಈ ಅನುಕೂಲ ಮೇಲಿನ ಯಾವುದರಲ್ಲೂ ಇಲ್ಲ. ನಮ್ಮ ದೇಶದ ಮೊದಲ ಲೈಟ್‌ಹೌಸ್ ಉತ್ಸವ 2023ರ ಸೆಪ್ಟೆಂಬರ್‌ನಲ್ಲಿ ನಡೆದದ್ದೂ ಇಲ್ಲೇ.

ತೊಂದರೆ ಅಂದರೆ ಜನ. ಶನಿವಾರ, ಭಾನುವಾರ, ಕ್ರಿಸ್‌ಮಸ್ ವಾರದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕೋಟೆಯ ಮೇಲೆ ನೆರಳಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಬಂದುಬಿಡಿ. ಕಾಪುವಿಗೆ ಸಂಜೆ, ಅಗುವಾದಕ್ಕೆ ಬೆಳಿಗ್ಗೆ. ಇದನ್ನು ತಿರುಗುಮುರುಗು ಮಾಡಿದರೆ ಎರಡೂ ಕೆಡುತ್ತವೆ.

ಹಾಗಾದರೆ ನೀವು ಯಾವುದಕ್ಕೆ?

ಒಂದೇ ಸಂಜೆ ಇದೆ, ಎಲ್ಲರ ಕಾಲೂ ಗಟ್ಟಿ ಇದೆ: ಕಾಪು. ಎರಡನೇ ಯೋಚನೆ ಬೇಡ. ಅಜ್ಜ ಅಜ್ಜಿ ಜೊತೆಗಿದ್ದರೂ ಕಾಪುವೇ ಆಗಬಹುದು, ಅವರು ದಂಡೆಯಲ್ಲಿ ಕೂರಲಿ, ನೀವು ಸರದಿಯಲ್ಲಿ ಹತ್ತಿ ಬನ್ನಿ. ಆದರೆ ಮರಳಲ್ಲಿ ನಡೆಯುವುದೇ ಕಷ್ಟ ಅನ್ನುವವರಿದ್ದರೆ ಬಾವುಟಗುಡ್ಡೆ, ಅಲ್ಲಿ ಕಾರು ಹತ್ತಿರದವರೆಗೆ ಹೋಗುತ್ತದೆ. ಎರಡು ಮೂರು ವರ್ಷದ ಮಗು ಇದ್ದರೆ ಯಾವ ಗೋಪುರವನ್ನೂ ಹತ್ತಬೇಡಿ. ಎತ್ತಿಕೊಂಡು ಆ ಏಣಿ ಹತ್ತುವುದು ಸಾಹಸವಲ್ಲ, ಹುಂಬತನ. ಸುರತ್ಕಲ್ ದಂಡೆಯಿಂದ ಹಡಗು ತೋರಿಸಿ ಸಾಕು.

ಕಾಪು, ಸುರತ್ಕಲ್ ಎರಡೂ ಒಂದೇ ಸಂಜೆ ಮಾಡೋಣ ಎಂದು ಕೆಲವರು ಹೊರಡುತ್ತಾರೆ. ನಡುವೆ ದೂರ ಏನೂ ಇಲ್ಲ, ಆದರೆ ಎರಡರ ಹೊತ್ತೂ ಒಂದೇ. ಒಂದು ಕಡೆ ಮೇಲೆ ಹತ್ತಿ, ಇನ್ನೊಂದು ಕಡೆ ಮುಚ್ಚಿದ ಗೇಟು ನೋಡುತ್ತೀರಿ. ಮಧ್ಯಾಹ್ನ ಬಾವುಟಗುಡ್ಡೆ, ಸಂಜೆ ಕಾಪು ಅಂದರೆ ಸರಿ ಹೊಂದುತ್ತದೆ.

ಮೂರು ದಿನ ಇದ್ದರೆ ನಾನು ಹೀಗೆ ಮಾಡುತ್ತೇನೆ. ಮೊದಲ ದಿನ ಬಾವುಟಗುಡ್ಡೆ ಮತ್ತು ಕಾಪು, ರಾತ್ರಿ ಉಡುಪಿ. ಎರಡನೇ ದಿನ ಕೋಡಿ ನೋಡುತ್ತಾ ಉತ್ತರಕ್ಕೆ, ಸಂಜೆಯೊಳಗೆ ಕಾರವಾರ, ಬೀಚಿನಿಂದ ದೇವಗಡದ ಮಿನುಗು. ಮೂರನೇ ದಿನ ಬೆಳಿಗ್ಗೆ ಕಡಲು ಶಾಂತ ಇದ್ದರೆ, ಅನುಮತಿ ಇದ್ದರೆ ದೋಣಿ. ಇಲ್ಲದಿದ್ದರೆ ಅಗುವಾದ, ಎಷ್ಟು ಬೇಗ ಹೊರಟರೆ ಅಷ್ಟು ಒಳ್ಳೆಯದು. ಕಾರು ಇಲ್ಲದವರೂ ಹೆದರಬೇಕಾಗಿಲ್ಲ, ಕೊಂಕಣ ರೈಲು ಸುರತ್ಕಲ್, ಉಡುಪಿ, ಕುಂದಾಪುರ, ಕಾರವಾರ ಎಲ್ಲಕ್ಕೂ ಹೋಗುತ್ತದೆ. ಸ್ಟೇಷನ್‌ಗಳು ಪೇಟೆಯಿಂದ ಸ್ವಲ್ಪ ಆಚೆ, ರಿಕ್ಷಾದ ದುಡ್ಡು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎಷ್ಟೋ ಲೈಟ್‌ಹೌಸ್‌ಗಳಿಗೆ ಸೋಮವಾರ ರಜೆ. ಗೇಟಿನ ಬೋರ್ಡಿನಲ್ಲಿರುವ ಸಮಯವೇ ಸರಿ, ಫೋನಿನಲ್ಲಿ ಕಾಣುವುದು ಹಳೆಯದಾಗಿರಬಹುದು. ಟಿಕೆಟ್‌ಗೆ ಚಿಲ್ಲರೆ ಹಿಡಿದುಕೊಳ್ಳಿ. ಜಾರದ ಚಪ್ಪಲಿ ಹಾಕಿ. ಮೇಲೆ ಹೋದಾಗ ಫೋನನ್ನು ಕಂಬಿಯಾಚೆ ಚಾಚಬೇಡಿ, ಕೆಳಗಿರುವುದು ಬಂಡೆ.

ಇಳಿದು ಬಂದ ಮೇಲೆ ಒಂದು ಆಟ ಇದೆ, ನಮ್ಮ ಮನೆಯ ಮಕ್ಕಳು ಪ್ರತಿ ಸಲ ಆಡುವುದು. ದೀಪ ಶುರುವಾದ ಕೂಡಲೇ ಫೋನಿನ ಸ್ಟಾಪ್‌ವಾಚ್ ಒತ್ತಿ, ಎಷ್ಟು ಮಿನುಗು, ನಡುವೆ ಎಷ್ಟು ಸೆಕೆಂಡು ಕತ್ತಲೆ ಎಂದು ಬರೆದುಕೊಳ್ಳುತ್ತಾರೆ. ನನ್ನ ತಂಗಿಯ ಮಗಳ ಹತ್ತಿರ ಇಂಥ ಲೆಕ್ಕದ ಒಂದು ಪುಸ್ತಕವೇ ಇದೆ. ಅದರಲ್ಲಿ ಕಾಪುವಿನ ಪುಟದ ಮೇಲೆ ಗೋಳಿಬಜೆಯ ಎಣ್ಣೆ ಕಲೆ. ದೇವಗಡದ ಪುಟದಲ್ಲಿ ಎರಡು ಬೇರೆ ಬೇರೆ ಲೆಕ್ಕ ಇದೆ, ನಡುವೆ ಒಂದು ಮೋಡ ಬಂದಿತ್ತಂತೆ.